‘ಹೋಲ್ಡ್ ಆಫ್ ಆನ್’ ಅಂದ್ರೆ ಏನು ಮಾಡಬೇಕು? ಫ್ರೇಸಲ್ ವರ್ಬ್ ಕಲಿಯೋದು ಹೇಗೆ?

ಶಿರಾ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆಮೇಲೆ ತುಮಕೂರಲ್ಲಿ ಡಿಪ್ಲೊಮಾ ಮಾಡಿದೆ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ವರ್ ಸಪೋರ್ಟ್ ಕೆಲಸ, ಸೇರಿ ಏಳು ತಿಂಗಳಾಯಿತು. ಕೆಲಸ ಚೆನ್ನಾಗಿ ಬರುತ್ತದೆ. ಇಂಗ್ಲಿಷ್ ಮೇಲ್ ಓದಿದರೆ ಅರ್ಥ ಆಗುತ್ತದೆ. ಪೋಸ್ಟ್‌ಪೋನ್, ಕ್ಯಾನ್ಸಲ್, ಇನ್ವೆಸ್ಟಿಗೇಟ್, ಕಂಟಿನ್ಯೂ ಇವೆಲ್ಲ ಗೊತ್ತು. ಕಷ್ಟ ಇರೋದು ಕಾಲ್‌ನಲ್ಲಿ. ಅಲ್ಲಿ ಯಾರೂ ಪೋಸ್ಟ್‌ಪೋನ್ ಅನ್ನೋದಿಲ್ಲ, ಪುಟ್ ಆಫ್ ಅಂತಾರೆ. ಕ್ಯಾನ್ಸಲ್ ಅನ್ನೋದಿಲ್ಲ, ಕಾಲ್ ಆಫ್ ಅಂತಾರೆ. ಪುಟ್ ಗೊತ್ತು, ಕಾಲ್ ಗೊತ್ತು, ಆಫ್ ಗೊತ್ತು. ಎರಡೂ ಸೇರಿದರೆ ಏನಾಗುತ್ತೆ ಅನ್ನೋದು ಮಾತ್ರ ಗೊತ್ತಾಗಲ್ಲ.

ಹೋದ ಬುಧವಾರ ಸಂಜೆ ಆರೂವರೆಗೆ ಕಾಲ್ ಇತ್ತು. ಅಮೆರಿಕದ ಕ್ಲೈಂಟ್ ಕಡೆಯವರು ಬೇಗ ಬೇಗ ಮಾತಾಡಿ ಕೊನೆಗೆ ‘ಹೋಲ್ಡ್ ಆಫ್ ಆನ್ ದ ರೀಸ್ಟಾರ್ಟ್’ ಅಂದರು. ನನ್ನ ಕಿವಿಗೆ ಬಿದ್ದದ್ದು ಮೂರೇ ಪದ. ಆಫ್, ಆನ್, ರೀಸ್ಟಾರ್ಟ್. ನಾನು ಓಕೆ ಅಂದೆ. ಕಾಲ್ ಮುಗಿದ ತಕ್ಷಣ ಸರ್ವರ್ ಆಫ್ ಮಾಡಿ ಆನ್ ಮಾಡಿದೆ. ರಾತ್ರಿಯಿಡೀ ಓಡುತ್ತಿದ್ದ ಅವರ ಟೆಸ್ಟ್ ಅರ್ಧಕ್ಕೇ ನಿಂತುಹೋಯಿತು. ನಮ್ಮ ಲೀಡ್ ಬಂದು ‘ಸದ್ಯಕ್ಕೆ ರೀಸ್ಟಾರ್ಟ್ ಬೇಡ, ತಡಿ ಅಂತ ತಾನೇ ಅವರು ಹೇಳಿದ್ದು’ ಅಂದಾಗ ನನಗೆ ಮಾತೇ ಹೊರಡಲಿಲ್ಲ. ಅವರು ಬೈಯಲಿಲ್ಲ. ಆದರೆ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಪುಟ್ ಆಫ್ ಥರದ ಈ ಜೋಡಿಪದಗಳಿಗೇ ಫ್ರೇಸಲ್ ವರ್ಬ್ ಅಂತಾರೆ. ಅವತ್ತೇ ಸಾವಿರ ಫ್ರೇಸಲ್ ವರ್ಬ್ ಇರೋ ಒಂದು ಪಟ್ಟಿ ಡೌನ್‌ಲೋಡ್ ಮಾಡಿದೆ. ರಾತ್ರಿಗೆ ಇಪ್ಪತ್ತು ಬಾಯಿಪಾಠ ಮಾಡುತ್ತಿದ್ದೇನೆ. ಟೇಕ್ ಆಫ್, ಟೇಕ್ ಆನ್, ಟೇಕ್ ಇನ್, ಟೇಕ್ ಓವರ್, ಟೇಕ್ ಅಪ್ ಹೀಗೆ. ಬೆಳಿಗ್ಗೆ ಎದ್ದರೆ ಎಲ್ಲಾ ಕಲಸಿಹೋಗಿರುತ್ತೆ. ನೀವೆಲ್ಲ ಹೇಗೆ ಕಲಿತಿರಿ? ಇದಕ್ಕೇನಾದರೂ ನಿಯಮ ಇದೆಯಾ? ಅಥವಾ ಬಾಯಿಪಾಠವೇ ಗತಿಯಾ?

ನಿವೃತ್ತ_ಮೇಷ್ಟ್ರು_ಹಾಸನ:

ತಮ್ಮಾ, ಓದಿ ಬೇಜಾರಾಯಿತು. ಆದರೆ ಇದರಲ್ಲಿ ನಿನ್ನ ದಡ್ಡತನ ಏನೂ ಇಲ್ಲ. ನಾನು 31 ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಲ್ಲ ಹೇಳಿಕೊಟ್ಟೆವು, ಹೋಲ್ಡ್ ಆಫ್ ಹೇಳಿಕೊಡಲಿಲ್ಲ. ಆ ಕೊರತೆ ನಮ್ಮದು.

ಈಗ ನಾನು ಬರೆದ ‘ಹೇಳಿಕೊಡು’ ಅನ್ನೋದನ್ನೇ ನೋಡು. ಹೇಳು ಬೇರೆ, ಕೊಡು ಬೇರೆ. ಎರಡೂ ಸೇರಿದರೆ ಕಲಿಸು ಅಂತ ಆಯಿತು. ಹೇಳಿಕೋ ಅಂದರೆ ಮನಸ್ಸಿನಲ್ಲಿರೋದನ್ನು ತೋಡಿಕೋ. ಹೇಳಿಬಿಡು ಅಂದರೆ ಮುಚ್ಚಿಡಬೇಡ. ಹೇಳಿಕಳಿಸು ಅಂದರೆ ಯಾರ ಕೈಲಾದರೂ ಸುದ್ದಿ ಮುಟ್ಟಿಸು. ಬೆಂಗಳೂರಿಗೆ ಬಂದು ಕನ್ನಡ ಕಲಿಯುತ್ತಿರೋ ಬಿಹಾರದ ಹುಡುಗನಿಗೆ ಹೇಳು ಗೊತ್ತು, ಕೊಡು ಗೊತ್ತು, ಎರಡೂ ಸೇರಿ ಕಲಿಸು ಹೇಗಾಯಿತು ಅಂತ ಅವನೂ ನಿನ್ನ ಥರಾನೇ ತಲೆ ಕೆಡಿಸಿಕೊಳ್ಳುತ್ತಾನೆ. ನೀನು ಮಾತ್ರ ಇವನ್ನೆಲ್ಲ ಪಟ್ಟಿ ನೋಡಿ ಕಲಿಯಲಿಲ್ಲ, ಅಲ್ವಾ? ಅಮ್ಮ ಬಾಯಲ್ಲಿ ಕೇಳಿ ಕೇಳಿ ಒಂದೊಂದೂ ಇಡೀ ಪದವಾಗಿಯೇ ಬಂತು.

‘ಮಗೂನ ನೋಡು’ ಅಂದರೆ ಒಂದು ಸಲ ತಿರುಗಿ ನೋಡಿದರೆ ಸಾಕು. ‘ಮಗೂನ ನೋಡಿಕೋ’ ಅಂದರೆ ಅಮ್ಮ ಬರೋವರೆಗೂ ಪಕ್ಕ ಬಿಟ್ಟು ಏಳುವಂತಿಲ್ಲ. ಲುಕ್ ಅಟ್, ಲುಕ್ ಆಫ್ಟರ್ ಇವೆರಡರ ನಡುವೆ ಇರೋದೂ ಅಷ್ಟೇ ದೂರ. ಮದುವೆ ಮುಂದಕ್ಕೆ ಹಾಕಿದರು ಅಂತೀವಿ. ಹಾಕು ಅಂದರೆ ಪುಟ್. ಅವರು ಪುಟ್ ಆಫ್ ಅಂತಾರೆ. ಇಲ್ಲೂ ಏನನ್ನೂ ಎತ್ತಿ ಎಲ್ಲಿಗೂ ಹಾಕಿಲ್ಲ, ದಿನ ದೂರ ಹೋಯಿತು ಅಷ್ಟೆ. ಘಾಟಿಯಲ್ಲಿ ಬಸ್ ಕೆಟ್ಟು ನಿಂತರೆ ಬ್ರೋಕ್ ಡೌನ್.

ಆದರೆ ಒಂದು ಎಚ್ಚರ. ಪದಕ್ಕೆ ಪದ ಜೋಡಿಸೋಕೆ ಹೋಗಬೇಡ. ನಮ್ಮಲ್ಲಿ ‘ಅವನು ಕೈ ಕೊಟ್ಟ’ ಅಂದರೆ ನಂಬಿಸಿ ಕೈಬಿಟ್ಟ ಅಂತ. ಇಂಗ್ಲಿಷಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಅಂದರೆ ಸ್ವಲ್ಪ ಸಹಾಯ ಮಾಡು ಅಂತ. ಕೈ ಕೊಡೋದು ಎರಡೂ ಕಡೆ ಇದೆ, ಅರ್ಥ ಮಾತ್ರ ತದ್ವಿರುದ್ಧ.

ನಿನಗೆ ಪೋಸ್ಟ್‌ಪೋನ್ ಗೊತ್ತು, ಪುಟ್ ಆಫ್ ಗೊತ್ತಿಲ್ಲ ಅಂದೆಯಲ್ಲ, ಅದಕ್ಕೂ ಕಾರಣ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚ್ ಆಯಿತು, ಚರ್ಚಿನ ಮತ್ತು ಪಂಡಿತರ ಭಾಷೆ ಮೊದಲಿಂದಲೂ ಲ್ಯಾಟಿನ್. ಮುಂದೆ ನೂರಾರು ವರ್ಷ ಆ ಎರಡು ಕಡೆಯಿಂದ ಇಂಗ್ಲಿಷಿಗೆ ಪದಗಳು ಬಂದು ತುಂಬಿದವು. ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್, ಎಕ್ಸ್‌ಟಿಂಗ್ವಿಶ್ ಎಲ್ಲ ಆ ಪೈಕಿ. ಮನೆಯ ಮಾತಿನಲ್ಲಿ ಅವುಗಳ ಬದಲು ಅದೇ ಕ್ರಮದಲ್ಲಿ ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇನ್‌ಟು, ಪುಟ್ ಔಟ್ ಇವೇ ಓಡಾಡುತ್ತವೆ. ನಮ್ಮಲ್ಲೂ ಕಚೇರಿ ಪತ್ರದಲ್ಲಿ ‘ಪರಿಶೀಲಿಸಲಾಗುವುದು’ ಅಂತ ಬರೆಯೋ ಗುಮಾಸ್ತರೇ ಎದುರಿಗೆ ಸಿಕ್ಕಿದರೆ ‘ನೋಡೋಣ ಬಿಡಿ’ ಅಂತಾರೆ. ಕನ್ನಡ ಮೀಡಿಯಂ ಮಕ್ಕಳಿಗೆ ನಾವು ಕಾಗದದ ಇಂಗ್ಲಿಷ್ ಕೊಟ್ಟೆವು. ಮನೆಯ ಇಂಗ್ಲಿಷ್ ಕೇಳೋಕೆ ಅವರಿಗೆ ಸಿಗಲೇ ಇಲ್ಲ.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಈ ಜೋಡಿಪದಗಳ ವಿಷಯ ಎತ್ತಿ, ಪರಭಾಷೆಯವರಿಗೆ ಅತಿ ಹೆಚ್ಚು ಕಷ್ಟ ಕೊಡೋದು ಇವೇ ಅಂತ ಬರೆದಿದ್ದಾರೆ. ನೀನೊಬ್ಬನೇ ಅಲ್ಲ.

ನಿಯಮ ಕೇಳಿದೆ. ಪೂರ್ತಿ ನಿಯಮ ಇಲ್ಲ, ಆದರೆ ಜಾಡು ಇದೆ. ಅಪ್ ಎಷ್ಟೋ ಕಡೆ ನಮ್ಮ ‘ಬಿಡು’ ಮಾಡೋ ಕೆಲಸ ಮಾಡುತ್ತೆ. ಡ್ರಿಂಕ್ ಅಪ್ ಅಂದರೆ ಕುಡಿದುಬಿಡು, ಫಿನಿಶ್ ಅಪ್ ಅಂದರೆ ಮುಗಿಸಿಬಿಡು. ಆನ್ ಅಂದರೆ ಮುಂದುವರಿ. ಗೋ ಆನ್, ಕ್ಯಾರಿ ಆನ್. ಆಫ್ ಅಂದರೆ ಕಳಚಿ ದೂರ. ಬಟ್ಟೆ ಟೇಕ್ ಆಫ್, ಊರಿಗೆ ಸೆಟ್ ಆಫ್, ನೆಂಟರನ್ನು ಸೀ ಆಫ್. ಹೋಲ್ಡ್ ಆಫ್ ಅಂದರೆ ಹಿಡಿದು ದೂರ ಇಡು, ಈಗ ಬೇಡ. ‘ಆನ್ ದ ರೀಸ್ಟಾರ್ಟ್’ ಅಂದರೆ ರೀಸ್ಟಾರ್ಟ್ ವಿಷಯದಲ್ಲಿ. ಅಲ್ಲಿ ಆನ್‌ಗೂ ಸ್ವಿಚ್ಚಿಗೂ ಸಂಬಂಧ ಇಲ್ಲ.

ಕಡಲತಡಿ:

ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಒಪ್ಪುತ್ತೇನೆ. ಕೊನೆಯ ಪ್ಯಾರಾ ಬಗ್ಗೆ ಮಾತ್ರ ತಕರಾರು ಇದೆ. ಅಪ್ ಅಂದರೆ ಮುಗಿಸೋದು ಅಂತ ಈ ಹುಡುಗ ತಲೆಯಲ್ಲಿಟ್ಟುಕೊಂಡರೆ ನಾಳೆ ‘ಹಿ ಡಿಡಂಟ್ ಟರ್ನ್ ಅಪ್’ ಅಂತ ಕೇಳಿ ಏನೋ ಮುಗಿಸಲಿಲ್ಲ ಅಂದುಕೊಳ್ಳುತ್ತಾನೆ. ಅದರರ್ಥ ಅವನು ಬರಲೇ ಇಲ್ಲ ಅಂತ. ಫಾರ್ಮ್ ಫಿಲ್ ಇನ್ ಮಾಡು ಅಂದರೂ ಫಿಲ್ ಔಟ್ ಮಾಡು ಅಂದರೂ ತುಂಬು ಅಂತಲೇ. ಇನ್ನು ‘ದ ಲೈಟ್ಸ್ ವೆಂಟ್ ಆಫ್’ ಅಂದರೆ ದೀಪ ಆರಿತು, ‘ದಿ ಅಲಾರಂ ವೆಂಟ್ ಆಫ್’ ಅಂದರೆ ಅಲಾರಂ ಹೊಡೆದುಕೊಂಡಿತು. ಒಂದೇ ಆಫ್, ಒಂದು ಕಡೆ ನಿಲ್ಲೋದು, ಇನ್ನೊಂದು ಕಡೆ ಶುರುವಾಗೋದು. ಸರ್ವರ್ ರೂಮಿನಲ್ಲಿ ಕೆಲಸ ಮಾಡೋನಿಗೆ ಇದು ಗೊತ್ತಿರಲೇಬೇಕು. ‘ದಿ ಅಲಾರಂ ವೆಂಟ್ ಆಫ್ ಅಟ್ ಟೂ’ ಅಂತ ಮೆಸೇಜ್ ಬಂದಾಗ ಅಲಾರಂ ನಿಂತಿತಂತೆ, ಒಳ್ಳೆಯದಾಯಿತು ಅಂತ ಸುಮ್ನೆ ಕೂತರೆ ಮತ್ತೆ ತೊಂದರೆ.

ನನ್ನ ಪ್ರಕಾರ ಜಾಡು ಹಿಡಿಯೋದು ಕಲಿತ ಮೇಲೆ ಚೆಂದ. ನೆನಪಿಡೋಕೆ ಸಹಾಯ ಆಗುತ್ತೆ. ಮೊದಲ ಸಲ ಕೇಳಿದ್ದರ ಅರ್ಥ ಊಹಿಸೋಕೆ ಅದನ್ನು ನಂಬಬಾರದು.

ನಿವೃತ್ತ_ಮೇಷ್ಟ್ರು_ಹಾಸನ:

ಒಪ್ಪಿದೆ. ಊಹೆಗೆ ಬೇಡ, ನೆನಪಿಗೆ ಇರಲಿ. ನಾನೇ ಹಾಗೆ ಬಿಡಿಸಿ ಬರೆಯಬೇಕಿತ್ತು.

ಮೈಸೂರಿನವಳು:

ನಾನೂ ಕನ್ನಡ ಮೀಡಿಯಂ, ಹುಣಸೂರು ಕಡೆ ಹಳ್ಳಿ. ಹನ್ನೊಂದು ವರ್ಷದಿಂದ ಇದೇ ಥರ ಕಾಲ್‌ಗಳಲ್ಲಿ ಕೂರುತ್ತಿದ್ದೇನೆ. ನಾನು ಮಾಡಿದ್ದನ್ನು ಹೇಳುತ್ತೇನೆ, ಬೇಕಾದ್ದು ತಗೋ.

ಮೊದಲಿಗೆ, ಟೇಕ್ ಆಫ್, ಟೇಕ್ ಆನ್, ಟೇಕ್ ಇನ್ ಅಂತ ಒಂದೇ ಕ್ರಿಯಾಪದದ ಐದನ್ನು ಒಂದೇ ರಾತ್ರಿ ಓದಬೇಡ. ಅವಳಿ ಮಕ್ಕಳ ಹೆಸರು ಒಟ್ಟಿಗೆ ಕೇಳಿದರೆ ಯಾರು ಯಾರು ಅಂತ ಗೊತ್ತಾಗಲ್ಲ. ಒಬ್ಬರನ್ನು ಸೋಮವಾರ ನೋಡಿ, ಇನ್ನೊಬ್ಬರನ್ನು ತಿಂಗಳು ಬಿಟ್ಟು ನೋಡಿದರೆ ಇಬ್ಬರೂ ನೆನಪಿರುತ್ತಾರೆ. ಬುಧವಾರದ ಆ ಒಂದು ಮಾತನ್ನು ನೀನು ಇನ್ನು ಸಾಯೋವರೆಗೂ ಮರೆಯಲ್ಲ. ಯಾಕಂದರೆ ಅದಕ್ಕೆ ಒಂದು ದಿನ ಇದೆ, ಒಂದು ಗಂಟೆ ಇದೆ, ಒಬ್ಬರ ಧ್ವನಿ ಇದೆ. ಪಟ್ಟಿಯಲ್ಲಿರೋ ಇಪ್ಪತ್ತಕ್ಕೆ ಅದು ಯಾವುದೂ ಇಲ್ಲ.

ನನ್ನ ಹತ್ತಿರ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇದೆ, ಮೂಲೆಗಳೆಲ್ಲ ಮಡಚಿಹೋಗಿವೆ. ಎಡಗಡೆ ತಾರೀಖು, ಅದರ ಕೆಳಗೆ ಅವರು ಹೇಳಿದ ಪೂರ್ತಿ ವಾಕ್ಯ. ಬಲಗಡೆ ಅದೇ ಮಾತನ್ನು ನಾನು ನಮ್ಮ ತಂಗಿಗೆ ಹೇಳಬೇಕಾದರೆ ಹೇಗೆ ಹೇಳುತ್ತಿದ್ದೆ ಅನ್ನೋದು. ಮೊದಲ ಪೇಜಲ್ಲಿ ‘ವಿ ಆರ್ ರನ್ನಿಂಗ್ ಔಟ್ ಆಫ್ ಟೈಮ್’ ಅಂತ ಇದೆ, ಎದುರಿಗೆ ‘ಟೈಮ್ ಆಗೋಯ್ತು, ಬೇಗ ಬೇಗ’ ಅಂತ ಬರೆದುಕೊಂಡಿದ್ದೇನೆ. ಅದರ ಕೆಳಗೆ ‘ಲೆಟ್ಸ್ ಗೋ ಓವರ್ ದ ನಂಬರ್ಸ್’, ಎದುರಿಗೆ ‘ಲೆಕ್ಕ ಒಂದ್ಸಲ ನೋಡಿಬಿಡೋಣ’. ನಿಘಂಟಿನ ಅರ್ಥ ಬರೆದರೆ ನನಗೆ ಉಳಿಯಲ್ಲ, ನಾನು ಆಡೋ ಮಾತಾದರೆ ಉಳಿಯುತ್ತೆ. ದಿನಕ್ಕೆ ಒಂದೇ ಸಾಕು. ಎರಡಾದರೆ ಜಾಸ್ತಿ.

ಆಮೇಲೆ, ಬರೆದದ್ದನ್ನು ಅದೇ ವಾರ ಬಳಸಲೇಬೇಕು. ನಾನು ಮೊದಲು ಚಾಟ್‌ನಲ್ಲಿ ಬಳಸುತ್ತಿದ್ದೆ. ಚಾಟ್‌ನಲ್ಲಿ ಯೋಚಿಸೋಕೆ ಸಮಯ ಸಿಗುತ್ತೆ. ‘ಐ ವಿಲ್ ಲುಕ್ ಇನ್‌ಟು ಇಟ್’, ‘ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಫೋರ್’. ಈ ಎರಡು ಇದ್ದರೆ ಸಪೋರ್ಟ್ ಕೆಲಸದಲ್ಲಿ ಅರ್ಧ ದಿನ ದಾಟಬಹುದು.

ಸಾವಿರದ ಪಟ್ಟಿ ಯಾಕೆ ಬೇಡ ಅಂದರೆ, ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಅಂತ 10 ಕೋಟಿ ಪದಗಳ ಒಂದು ಸಂಗ್ರಹ ಇದೆ. ಪುಸ್ತಕ, ಪತ್ರಿಕೆ, ಜನ ಮಾತಾಡಿದ್ದು ಎಲ್ಲ ಸೇರಿ. ಅದನ್ನಿಟ್ಟುಕೊಂಡು 2007ರಲ್ಲಿ ಗಾರ್ಡ್ನರ್ ಮತ್ತು ಡೇವಿಸ್ ಅನ್ನೋರು ಲೆಕ್ಕ ಹಾಕಿದ್ದಾರೆ. ಗೋ, ಕಮ್, ಟೇಕ್, ಗೆಟ್, ಪುಟ್, ಲುಕ್ ಥರದ 20 ಕ್ರಿಯಾಪದ, ಅಪ್, ಔಟ್, ಆನ್, ಆಫ್ ಥರದ 8 ಬಾಲ, ಇಷ್ಟರ ಜೋಡಿಗಳೇ ಅಲ್ಲಿನ ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕಿಂತ ಜಾಸ್ತಿ. ಗುಣಿಸಿದರೆ 160. ಅಂದರೆ ಕೇಳೋಕೆ ಸಿಗೋದು ಮತ್ತೆ ಮತ್ತೆ ಅವೇ. ಒಂದೊಂದಕ್ಕೂ ನಾಲ್ಕೈದು ಅರ್ಥ ಇರೋದು ನಿಜ, ಅದಕ್ಕೇ ಪೂರ್ತಿ ವಾಕ್ಯ ಬರೆದುಕೋ ಅಂತ ಹೇಳೋದು.

ಇನ್ನೊಂದು ಮುಖ್ಯ ವಿಷಯ. ಅರ್ಥ ಆಗದೇ ಇದ್ದಾಗ ಓಕೆ ಅನ್ನಬೇಡ. ನಿನಗೆ ಗೊತ್ತಿರೋ ಸುಲಭದ ಪದದಲ್ಲಿ ತಿರುಗಿಸಿ ಕೇಳು. ‘ಸೋ ಐ ಶುಡ್ ನಾಟ್ ರೀಸ್ಟಾರ್ಟ್ ನೌ, ಕರೆಕ್ಟ್?’ ಇಷ್ಟೇ. ಯಾರೂ ಚಿಕ್ಕದಾಗಿ ನೋಡಲ್ಲ. ಇವನು ಖಚಿತ ಮಾಡಿಕೊಂಡು ಕೆಲಸ ಮಾಡ್ತಾನೆ ಅಂತ ನಂಬಿಕೆ ಬರುತ್ತೆ. ನಾನು ಈಗಲೂ ದಿನಕ್ಕೊಂದು ಸಲವಾದರೂ ಹೀಗೆ ಕೇಳುತ್ತೇನೆ.

ಶಿರಾ_ಹುಡುಗ:

ಅಕ್ಕ, ಬಲಗಡೆ ತಂಗಿಗೆ ಹೇಳೋ ಥರ ಬರೆಯೋದು ತುಂಬಾ ಇಷ್ಟವಾಯಿತು. ಇವತ್ತೇ ಶುರು ಮಾಡುತ್ತೇನೆ. ಒಂದು ಡೌಟು. ‘ಟರ್ನ್ ಆಫ್ ದ ಸರ್ವರ್’ ಅಂತಾನೂ ಕೇಳಿದ್ದೇನೆ, ‘ಟರ್ನ್ ದ ಸರ್ವರ್ ಆಫ್’ ಅಂತಾನೂ ಕೇಳಿದ್ದೇನೆ. ಯಾವುದು ಸರಿ?

ಮೈಸೂರಿನವಳು:

ಎರಡೂ ಸರಿ. ಆದರೆ ಹೆಸರಿನ ಬದಲು ಇಟ್, ದೆಮ್, ಹಿಮ್ ಬಂದರೆ ಅದು ಮಧ್ಯದಲ್ಲೇ ಕೂರಬೇಕು. ‘ಟರ್ನ್ ಇಟ್ ಆಫ್’ ಸರಿ, ‘ಟರ್ನ್ ಆಫ್ ಇಟ್’ ತಪ್ಪು. ‘ಕಾಲ್ ಇಟ್ ಆಫ್’, ‘ಪಿಕ್ ಹಿಮ್ ಅಪ್’ ಎಲ್ಲ ಹೀಗೇ. ಆದರೆ ಲುಕ್ ಆಫ್ಟರ್, ಲುಕ್ ಇನ್‌ಟು, ರನ್ ಇನ್‌ಟು ಇವು ಬಿಡಿಸೋಕೆ ಬರಲ್ಲ. ‘ಲುಕ್ ಇಟ್ ಇನ್‌ಟು’ ಅಂತ ಯಾರೂ ಅನ್ನೋದಿಲ್ಲ. ಪುಟ್ ಅಪ್ ವಿತ್ ಥರ ಮೂರು ತುಂಡಿನವೂ ಅಷ್ಟೇ, ಒಟ್ಟಿಗೇ ಇರುತ್ತವೆ. ಇದಕ್ಕೂ ಪಟ್ಟಿ ಮಾಡಬೇಡ, ನೋಟ್‌ಬುಕ್ಕಿನಲ್ಲಿ ವಾಕ್ಯ ಬರೆಯುವಾಗ ಒಂದು ಸಲ ಇಟ್ ಹಾಕಿ ಬರೆದು ನೋಡಿಕೋ.

ಕಿವಿಗೊಟ್ಟವ_ಹುಬ್ಬಳ್ಳಿ:

ಯಾರೂ ಹೇಳದೇ ಇರೋ ಒಂದು ವಿಷಯ ನಾನು ಹೇಳುತ್ತೇನೆ. ತಮ್ಮಾ, ನಿನಗೆ ಅವತ್ತು ಅರ್ಥ ಗೊತ್ತಿಲ್ಲದ್ದು ಅರ್ಧ ಕಾರಣ. ಇನ್ನರ್ಧ ಕಿವಿ. ನಾನು ಆರು ವರ್ಷ ಕಾಲ್ ಸೆಂಟರ್‌ಗೆ ಸೇರೋ ಹುಡುಗರಿಗೆ ತರಬೇತಿ ಕೊಟ್ಟಿದ್ದೇನೆ. ಬರೆದು ತೋರಿಸಿದರೆ ಗೊತ್ತಿರೋ ಪದವನ್ನೇ ಕೇಳಿಸಿದರೆ ಗುರುತು ಹಿಡಿಯದವರು ಎಷ್ಟೋ ಜನ.

ಅವರು ‘ಹೋಲ್ಡ್’ ‘ಆಫ್’ ‘ಆನ್’ ಅಂತ ಬಿಡಿಬಿಡಿಯಾಗಿ ಹೇಳಲ್ಲ. ‘ಹೋಲ್ಡಾಫಾನ್ದ’ ಅಂತ ಒಂದೇ ಉಸಿರಿಗೆ ಬರುತ್ತೆ. ಮೊದಲ ಪದದ ಕೊನೆಯ ವ್ಯಂಜನ ಮುಂದಿನ ಸ್ವರಕ್ಕೆ ಹತ್ತಿಕೊಳ್ಳುತ್ತೆ. ಇದು ನಮಗೆ ಹೊಸದಲ್ಲ, ಊರು ಎಲ್ಲಾ ಅನ್ನೋದು ಊರೆಲ್ಲಾ ಆಗಲ್ವಾ, ಮಾತು ಇಲ್ಲ ಅನ್ನೋದು ಮಾತಿಲ್ಲ ಆಗಲ್ವಾ, ಹಾಗೇ. ಶಾಲೆಯಲ್ಲಿ ಲೋಪಸಂಧಿ ಬಿಡಿಸಿ ಬರೆಯೋ ಲೆಕ್ಕ ಮಾಡಿದ್ದೀವಲ್ಲ, ಅದನ್ನೇ ಇಲ್ಲಿ ಕಿವಿಯಲ್ಲಿ ಮಾಡಬೇಕು. ಅಮೆರಿಕದವರಲ್ಲಿ ಇನ್ನೊಂದು ಇದೆ. ಎರಡು ಸ್ವರದ ನಡುವೆ ಸಿಕ್ಕಿದ ಟ ಮೆತ್ತಗಾಗಿ ಡ ಥರ ಕೇಳುತ್ತೆ. ಪುಟ್ ಆಫ್ ಅನ್ನೋದು ‘ಪುಡಾಫ್’, ಶಟ್ ಇಟ್ ಆಫ್ ಅನ್ನೋದು ‘ಶಡಿಡಾಫ್’. ಶಡಿಡಾಫ್ ಅಂತ ಕೇಳಿ ನಿಘಂಟಿನಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು?

ಅದಕ್ಕೆ ನನ್ನ ಸಲಹೆ, ಮೇಡಂ ಹೇಳಿದ ನೋಟ್‌ಬುಕ್ಕಿನಲ್ಲಿ ಎಡಗಡೆಯ ವಾಕ್ಯದ ಕೆಳಗೆ ಅದು ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೋ. ಇಂಗ್ಲಿಷ್ ಸ್ಪೆಲ್ಲಿಂಗ್ ಸದ್ದನ್ನು ತೋರಿಸಲ್ಲ, ನಮ್ಮ ಲಿಪಿ ಎಷ್ಟೋ ಚೆನ್ನಾಗಿ ತೋರಿಸುತ್ತೆ. ಗೆಡಪ್, ಪಿಕಪ್, ಫೈಂಡೌಟ್, ಫಿಗರೌಟ್. ಗಟ್ಟಿಯಾಗಿ ಹತ್ತು ಸಲ ಓದು. ಹಾಗೆ ಓದುವಾಗ ಒತ್ತು ಎಲ್ಲಿ ಬೀಳುತ್ತೆ ಅನ್ನೋದನ್ನೂ ಗಮನಿಸು. ಮಾಡೋ ಕೆಲಸ ಹೇಳುವಾಗ ಒತ್ತು ಬಾಲದ ಮೇಲೆ, ‘ಪ್ಲೀಸ್ ಲಾಗ್ ಇನ್’ ಅಂದಾಗ ಇನ್ ಗಟ್ಟಿ. ಅದೇ ‘ಯುವರ್ ಲಾಗಿನ್’ ಅಂತ ವಸ್ತುವಿನ ಹೆಸರಾದರೆ ಲಾಗ್ ಗಟ್ಟಿ. ನೀನು ಆ ಬಾಲವನ್ನೇ ಮೆಲ್ಲಗೆ ನುಂಗಿಬಿಟ್ಟರೆ ಅವರಿಗೆ ನಿನ್ನ ಮಾತು ಅರ್ಥ ಆಗೋದು ಕಷ್ಟ.

ಯಾರ್ಕ್‌ಷೈರ್_ಕನ್ನಡತಿ:

ರಾತ್ರಿ ಡ್ಯೂಟಿ ಮುಗಿಸಿ ಬಂದು ಇದನ್ನು ಓದಿದೆ, ಬರೆಯದೇ ಇರೋಕಾಗಲಿಲ್ಲ. ನಾನು ನರ್ಸ್, ಊರು ಸಕಲೇಶಪುರ, ಈಗ ನಾಲ್ಕು ವರ್ಷದಿಂದ ಇಂಗ್ಲೆಂಡಿನ ಯಾರ್ಕ್‌ಷೈರಲ್ಲಿದ್ದೇನೆ. ಬರೋಕೆ ಮುಂಚೆ ಓಇಟಿ ಅಂತ ನರ್ಸ್, ಡಾಕ್ಟರುಗಳಿಗೆ ಇರೋ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿದ್ದೆ. ವಾಮಿಟ್, ಅನ್‌ಕಾನ್ಶಿಯಸ್, ಸ್ವೆಲ್ಲಿಂಗ್ ಎಲ್ಲ ಗೊತ್ತಿತ್ತು. ಇಲ್ಲಿ ಪೇಷಂಟ್‌ಗಳು ಆ ಪದಗಳನ್ನು ಆಡೋದು ಕಡಿಮೆ.

ಬಂದ ಮೊದಲ ತಿಂಗಳು. ಎಂಬತ್ತು ದಾಟಿದ ಒಬ್ಬ ಅಜ್ಜಿ, ತುಂಬಾ ಮೆಲು ಧ್ವನಿ. ನಾನು ಬಿಪಿ ನೋಡೋಕೆ ಹೋದಾಗ ‘ಐ ಬ್ರಾಟ್ ಮೈ ಟೀ ಅಪ್, ಲವ್’ ಅಂದರು. ನಾನು ಟೀ ತಂದಿದ್ದಾರೆ ಅಂದುಕೊಂಡು ಪಕ್ಕದ ಟೇಬಲ್ ಮೇಲೆ ಕಪ್ ಇದೆಯಾ ಅಂತ ನೋಡಿದೆ. ಕಪ್ ಇರಲಿಲ್ಲ. ದಿಂಬಿನ ಆ ಕಡೆ ಬಾಗಿ ನೋಡಿದರೆ ಹೊದಿಕೆ ಒದ್ದೆಯಾಗಿತ್ತು. ಆಗ ಹೊಳೆಯಿತು. ಬ್ರಿಂಗ್ ಅಪ್ ಅಂದರೆ ವಾಂತಿ ಮಾಡಿಕೊಳ್ಳೋದು. ಮತ್ತೆ ಇಲ್ಲಿನವರಿಗೆ ಟೀ ಅಂದರೆ ಸಂಜೆಯ ಊಟ. ತಿಂದದ್ದೆಲ್ಲ ಬಂದುಬಿಡ್ತು ಮಗಳೇ ಅಂತ ಆಕೆ ಹೇಳಿದ್ದು. ನಾನು ಅದನ್ನು ಬರೆದುಕೊಳ್ಳದೆ ಬಿಟ್ಟಿದ್ದರೆ ಬೆಳಿಗ್ಗೆ ಡಾಕ್ಟರಿಗೆ ಗೊತ್ತೇ ಆಗುತ್ತಿರಲಿಲ್ಲ. ಆ ಅಜ್ಜಿಗೆ ನಾಚಿಕೆಯಾಗಿ ಮತ್ತೊಂದು ಸಲ ಹೇಳುತ್ತಲೂ ಇರಲಿಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತೆ.

ಆಮೇಲೆ ನಾನು ಮಾಡಿದ್ದೂ ಮೈಸೂರಿನವರು ಹೇಳಿದ್ದೇ, ಜೇಬಿನಲ್ಲಿ ಒಂದು ಸಣ್ಣ ಪುಸ್ತಕ. ಥ್ರೋ ಅಪ್ ಅಂದರೂ ವಾಂತಿ. ‘ಹಿ ಕಾಂಟ್ ಕೀಪ್ ಎನಿಥಿಂಗ್ ಡೌನ್’ ಅಂದರೆ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ವೇರ್ ಆಫ್ ಅಂದರೆ ಔಷಧಿಯ ಪರಿಣಾಮ ಇಳಿಯೋದು. ಕಮ್ ರೌಂಡ್ ಅಂದರೆ ಎಚ್ಚರ ಆಗೋದು. ಪೂರ್ಲಿ ಅಂದರೆ ಹುಷಾರಿಲ್ಲ. ‘ಸ್ಪೆಂಡ್ ಎ ಪೆನಿ’ ಅಂತ ವಯಸ್ಸಾದವರು ಅಂದರೆ ಮೂತ್ರಕ್ಕೆ ಹೋಗಬೇಕು ಅಂತ, ಹಿಂದೆ ಇಲ್ಲಿನ ಸಾರ್ವಜನಿಕ ಶೌಚಾಲಯದ ಬಾಗಿಲು ತೆಗೆಯೋಕೆ ಒಂದು ಪೆನಿ ನಾಣ್ಯ ಹಾಕಬೇಕಿತ್ತಂತೆ. ಪಾಪ್ ಅನ್ನೋದು ಇಲ್ಲಿನ ನರ್ಸ್‌ಗಳ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತೆ. ‘ಪಾಪ್ ಯುವರ್ ಕೋಟ್ ಆಫ್’, ‘ಪಾಪ್ ಅಪ್ ಆನ್ ದ ಬೆಡ್’. ಹಾಗೆ ಸ್ವಲ್ಪ ಕೋಟು ತೆಗೀರಿ, ಹಾಗೆ ಸ್ವಲ್ಪ ಮೇಲೆ ಕೂತ್ಕೊಳ್ಳಿ ಅಂತ ನಾವು ಹೇಳ್ತೀವಲ್ಲ, ಆ ‘ಹಾಗೆ ಸ್ವಲ್ಪ’ ಇದೆಯಲ್ಲ, ಅದೇ ಪಾಪ್.

ಎಲ್ಲಕ್ಕಿಂತ ಹುಷಾರಾಗಿ ಕಲಿತದ್ದು ಎರಡು. ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪೋದು. ಪಾಸ್ ಅವೇ ಅಂದರೆ ತೀರಿಕೊಳ್ಳೋದು. ಫೋನಿನಲ್ಲಿ ಪೇಷಂಟ್ ಮನೆಯವರ ಹತ್ತಿರ ಮಾತಾಡುವಾಗ ಇವೆರಡು ಅದಲುಬದಲಾದರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ನಾವೂ ಮನೆಯವರ ಮುಂದೆ ಸತ್ತರು ಅನ್ನೋದಿಲ್ಲ, ತೀರಿಕೊಂಡರು ಅಂತೀವಿ. ತೀರು ಅನ್ನೋದಕ್ಕೆ ಕೊಳ್ಳು ಸೇರಿದಾಗ ಬರೋ ಆ ಮೆತ್ತಗಿನ ದನಿ ಪಾಸ್ ಅವೇನಲ್ಲೂ ಇದೆ. ಇದು ಹ್ಯಾಗಿದ್ದರೂ ಮರೆಯಬಾರದು ಅಂತ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ.

ಕಡಲತಡಿ:

ಮೇಡಂ ಹೇಳಿದ ಪಾಸ್ ಔಟ್ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಹುಡುಗರು ಇಂಟರ್‌ವ್ಯೂನಲ್ಲಿ ‘ಐ ಪಾಸ್ಡ್ ಔಟ್ ಇನ್ 2019’ ಅಂತಾರೆ. ನಮ್ಮ ದೇಶದಲ್ಲಿ ಅದು ಓದು ಮುಗಿಸಿದೆ ಅಂತಲೇ, ತಪ್ಪೇನಿಲ್ಲ. ಆದರೆ ಅಮೆರಿಕದವರ ಕಿವಿಗೆ ಪ್ರಜ್ಞೆ ತಪ್ಪಿದೆ ಅಂತ ಬೀಳುತ್ತೆ. ಅವರ ಹತ್ತಿರ ‘ಐ ಗ್ರಾಜುಯೇಟೆಡ್’ ಅನ್ನಿ. ಹಾಗೆಯೇ ‘ಔಟ್ ಆಫ್ ಸ್ಟೇಷನ್’ ಅಂದರೆ ಅವರಿಗೆ ಯಾವ ಸ್ಟೇಷನ್ ಅಂತ ತಿಳಿಯಲ್ಲ, ‘ಔಟ್ ಆಫ್ ಟೌನ್’ ಅನ್ನಿ. ಇವನ್ನು ಕಂಡರೆ ಬರೀ ತಪ್ಪು ಇಂಗ್ಲಿಷ್ ಅಂತ ಬೈಯೋರಿದ್ದಾರೆ, ನನಗೆ ಅದು ಸರಿ ಕಾಣಲ್ಲ. ಪ್ರೀಪೋನ್ ಅನ್ನೋ ನಮ್ಮ ಪದ ಆಕ್ಸ್‌ಫರ್ಡ್ ನಿಘಂಟಿಗೇ ಸೇರಿದೆ. ಊರಿಗೊಂದು ಮಾತು ಇರುತ್ತೆ, ಯಾರ ಮುಂದೆ ಯಾವುದು ಅಂತ ಗೊತ್ತಿದ್ದರೆ ಸಾಕು. ಮಂಗಳೂರಲ್ಲಿ ಆಡೋ ಕನ್ನಡವನ್ನು ಕಲಬುರಗಿಗೆ ಹೋದಾಗ ನಾವು ಸ್ವಲ್ಪ ಬದಲಾಯಿಸಲ್ವಾ?

ಶಿರಾ_ಹುಡುಗ:

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಪಟ್ಟಿ ಡಿಲೀಟ್ ಮಾಡಿದೆ. ನೋಟ್‌ಬುಕ್ಕಿನಲ್ಲಿ ಈಗ 13 ವಾಕ್ಯ ಇವೆ. ಮೊದಲನೆಯದು ಹೋಲ್ಡ್ ಆಫ್. ಎದುರಿಗೆ ‘ತಡಿಯೋ, ಈಗ್ಲೇ ಬೇಡ’ ಅಂತ, ಕೆಳಗೆ ‘ಹೋಲ್ಡಾಫಾನ್ದ’ ಅಂತ ಬರೆದಿದ್ದೇನೆ.

ಮೊನ್ನೆ ಕಾಲ್‌ನಲ್ಲಿ ಒಬ್ಬರು ‘ಲೆಟ್ಸ್ ಪುಡಾಫ್ ದ ಪ್ಯಾಚ್’ ಅಂದರು. ಪುಡಾಫ್! ಹುಬ್ಬಳ್ಳಿ ಸರ್ ಬರೆದ ಹಾಗೇ ಕೇಳಿಸಿತು. ಆದರೂ ನಾನು ‘ಸೋ ನೋ ಪ್ಯಾಚ್ ಟುಡೇ, ಕರೆಕ್ಟ್?’ ಅಂತ ಕೇಳಿದೆ. ‘ಎಕ್ಸಾಕ್ಟ್ಲಿ’ ಅಂದರು. ಮೈಕ್ ಮ್ಯೂಟ್ ಮಾಡಿ ಒಂದು ನಿಮಿಷ ಸುಮ್ನೆ ಕೂತೆ. ಎಷ್ಟು ಸಮಾಧಾನ ಆಯಿತು ಅಂತ ಹೇಳೋಕಾಗಲ್ಲ.

ಇವತ್ತು ಕ್ಲೈಂಟ್‌ಗೆ ನಾನೇ ಒಂದು ಮೇಲ್ ಬರೆದಿದ್ದೇನೆ, ಇನ್ನೂ ಕಳಿಸಿಲ್ಲ. ಒಂದು ಸಲ ನೋಡಿ ಹೇಳಿ. ‘ವಿ ರಾನ್ ಇನ್‌ಟು ಎ ಡಿಸ್ಕ್ ಇಶ್ಯೂ ಲಾಸ್ಟ್ ನೈಟ್. ಐ ಆ್ಯಮ್ ಲುಕಿಂಗ್ ಇನ್‌ಟು ಇಟ್ ಆ್ಯಂಡ್ ವಿಲ್ ಗೆಟ್ ಬ್ಯಾಕ್ ಟು ಯು ಬೈ 4. ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.’

ನಿವೃತ್ತ_ಮೇಷ್ಟ್ರು_ಹಾಸನ:

ಓದಿ ಕಣ್ಣು ತುಂಬಿ ಬಂತು ತಮ್ಮಾ. ಮೊದಲ ಎರಡು ವಾಕ್ಯ ಹಾಗೇ ಇರಲಿ, ಒಂದಕ್ಷರವೂ ಮುಟ್ಟಬೇಡ.

ಕೊನೆಯದರಲ್ಲಿ ಒಂದು ತಿದ್ದುಪಡಿ. ‘ಟು ಹಿಯರ್’ ಅಲ್ಲ, ‘ಟು ಹಿಯರಿಂಗ್’. ಟು ಬಂದರೆ ಮುಂದೆ ಬರೀ ಕ್ರಿಯಾಪದ ಅಂತ ನಾವೇ ಶಾಲೆಯಲ್ಲಿ ಕಲಿಸಿದ್ದು, ಅದಕ್ಕೇ ಎಲ್ಲರೂ ಇಲ್ಲಿ ಎಡವುತ್ತಾರೆ. ಇಲ್ಲಿನ ಟು ಬೇರೆ, ಅದು ಲುಕ್ ಫಾರ್ವರ್ಡ್ ಜೊತೆಗೆ ಅಂಟಿಕೊಂಡಿರೋ ಬಾಲ. ಅದರ ಮುಂದೆ ಹೆಸರುಪದ ಬರಬೇಕು. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಅಂತ ಹೇಳಬಹುದು ತಾನೇ, ಆ ರಿಪ್ಲೈ ಕೂತಿರೋ ಜಾಗದಲ್ಲಿ ಕ್ರಿಯಾಪದ ಕೂರಬೇಕಾದರೆ ಇಂಗ್ ಹಚ್ಚಿಕೊಂಡು ಬರಬೇಕು. ನಾವು ಕೇಳು ಅನ್ನೋದನ್ನು ಕೇಳೋದು ಮಾಡ್ತೀವಲ್ಲ, ಹಾಗೆ.

ಬಲಗಡೆ ಏನು ಬರೆಯೋದು ಅಂತ ಹುಡುಕಬೇಡ. ಎದುರುನೋಡು ಅಂತ ಬರೆದುಕೋ. ಎದುರು ಅಂದರೆ ಫಾರ್ವರ್ಡ್, ನೋಡು ಅಂದರೆ ಲುಕ್. ಈ ಒಂದು ಮಾತ್ರ ನಮ್ಮಲ್ಲೂ ಅವರಲ್ಲೂ ಪದಕ್ಕೆ ಪದ ಕೂಡಿಬಂದಿದೆ. ಹಿಯರಿಂಗ್ ಮಾಡಿ ಮೇಲ್ ಕಳಿಸಿಬಿಡು, ನಾಲ್ಕು ಗಂಟೆ ಆಗುತ್ತಾ ಬಂತು.